ಮಚ್ಚೆಯ ವಾರ

ಸಿಡ್ನಿಯ ಕನ್ನಡದವರ ಕೂಟದಲ್ಲಿ ನನ್ನನ್ನು ಬಾಗಿಲಲ್ಲಿ ಪನ್ನೀರು ಚಿಮುಕಿಸಲು ನಿಲ್ಲಿಸಿದ ಯುಗಾದಿಯಿಂದಲೇ ಇದನ್ನು ಶುರು ಮಾಡಬೇಕು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅದಕ್ಕೂ ಹಿಂದಿನ ವರ್ಷಗಳಲ್ಲಿ ಯುಗಾದಿ ಊಟದ ಬಿಸಿಬೇಳೆ ಬಾತ್ ನನ್ನ ಪಾಲಿನ ಕೆಲಸ. ಪುಡಿಯನ್ನು ಮನೆಯಲ್ಲೇ ಹುರಿದು ಕುಟ್ಟಿಕೊಂಡು ಹೋಗಿ, ಗಿರಾವೀನ್ ಕಡೆಯ ಬಾಡಿಗೆ ಹಾಲ್‌ನ ಪುಟ್ಟ ಅಡುಗೆಮನೆಯಲ್ಲಿ ನಾನೇ ಬೇಯಿಸಿ, ನಾನೇ ಬಡಿಸುತ್ತಿದ್ದೆ. ಅಡುಗೆಗಿಂತ ನನಗೆ ಬಡಿಸುವುದೇ ಇಷ್ಟ. ತಟ್ಟೆ ಚಾಚಿದವರ ಮುಖ ನೋಡಿದರೆ ಯಾರು ನಿಜವಾಗಿ ಹಸಿದಿದ್ದಾರೆ, ಯಾರು ಸಂಕೋಚಕ್ಕೆ ಸಾಕು ಅನ್ನುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಊರು ಬಿಟ್ಟು ಬಂದು, ಯಾರ ಮನೆಗೂ ಹೇಳದೆ ಕೇಳದೆ ಹೋಗಲಾಗದ ಆ ದೇಶದಲ್ಲಿ, ವರ್ಷಕ್ಕೊಮ್ಮೆ ಸೌಟು ಹಿಡಿದು ನಿಂತಾಗ ನಾನೂ ಇವರಿಗೆ ಸೇರಿದವಳು ಅನ್ನಿಸುತ್ತಿತ್ತು.

ಆ ವರ್ಷದ ಹೊತ್ತಿಗೆ ನನ್ನ ಎರಡೂ ಕೈಗಳ ಮೇಲೆ ಬಿಳಿ ಮಚ್ಚೆ ಬಂದಿತ್ತು. ತೊನ್ನು. ಮೊದಲು ಬೆರಳ ತುದಿಗಳಲ್ಲಿ, ಆಮೇಲೆ ಗೆಣ್ಣುಗಳ ಮೇಲೆ, ಆಮೇಲೆ ಮಣಿಕಟ್ಟಿನವರೆಗೆ.

"ಪ್ರತಿ ವರ್ಷ ನೀವೇ ಕಷ್ಟ ಪಡ್ತೀರಿ. ಈ ಸಲ ಆರಾಮಾಗಿ ಬಾಗ್ಲಲ್ಲಿ ನಿಂತ್ಕೊಂಡು ಎಲ್ರನ್ನೂ ವೆಲ್‌ಕಮ್ ಮಾಡಿ," ಎಂದು ಅಡುಗೆಯ ಉಸ್ತುವಾರಿ ಹೊತ್ತಿದ್ದ ಹೆಂಗಸು ನನ್ನ ಕೈಗೆ ಬೆಳ್ಳಿಯ ಪನ್ನೀರುದಾನಿ ಕೊಟ್ಟರು. ಪನ್ನೀರು ದೂರದಿಂದಲೇ ಬೀಳುತ್ತದೆ. ಕೈ ತಾಗುವುದಿಲ್ಲ. ಎಷ್ಟು ಯೋಚನೆ ಮಾಡಿ ಹುಡುಕಿರಬೇಕು ಆ ಕೆಲಸವನ್ನು! ಹೀಗೆ ಹೇಳಿದವರು ಸ್ವತಃ ಡಾಕ್ಟರು. ನಮ್ಮ ಕೂಟದಲ್ಲಿ ಅರ್ಧಕ್ಕರ್ಧ ಡಾಕ್ಟರುಗಳೇ. ತೊನ್ನು ಅಂಟುವುದಿಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾಗಿ ಬಂದವರು ನನ್ನ ಸೌಟಿಗೆ ಹೆದರಿದರು. ಮುಂದಿನ ವರ್ಷ ಪನ್ನೀರೂ ಹೋಯಿತು. "ನೀವು ಸುಮ್ನೆ ಗೆಸ್ಟ್ ಥರ ಬನ್ನಿ ಸಾಕು," ಅಂದರು.

"ಬಿಡು, ಕೆಲ್ಸ ತಪ್ತಲ್ಲ," ಎಂದರು ನಮ್ಮ ಯಜಮಾನರು, ಕಾರು ಓಡಿಸುತ್ತ. ಅವರ ಮೇಲೂ ಉರಿದುಬಿದ್ದೆ. ಯಾರಾದರೂ ಎದುರಿಗೆ ನಿಂತು, "ನಿನ್ನ ಕೈಯಿಂದ ಬಡಿಸಬೇಡ," ಎಂದಿದ್ದರೆ ಜಗಳವಾಡಬಹುದಿತ್ತು. ಎಲ್ಲರೂ ನನ್ನ ಮೇಲೆ ಕರುಣೆ ತೋರಿಸುತ್ತಿದ್ದರು. ಕರುಣೆಯ ಜೊತೆ ಹೇಗೆ ಜಗಳವಾಡುವುದು?

ಆ ದಿನಗಳಲ್ಲೇ ಬಾಂಬೆ ಆಂಟಿಯ ಪರಿಚಯ ಗಟ್ಟಿಯಾದದ್ದು. ನಾನು ಕೆಲಸಕ್ಕಿದ್ದ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಅವರಿದ್ದರು. ಬಾಂಬೆಯಿಂದ ಬಂದ ಯಹೂದಿ, ಮನೆಮಾತು ಮರಾಠಿ, ಡಬ್ಬಿಯಲ್ಲಿ ಪೋಹಾ. ನಾವಿಬ್ಬರೂ ಆಡುತ್ತಿದ್ದುದು ಹಿಂದಿಗೆ ಇಂಗ್ಲಿಷ್ ಕಲಸಿದ ಭಾಷೆ. ಇಲ್ಲಿ ಅದನ್ನು ನನ್ನ ಕನ್ನಡದಲ್ಲೇ ಬರೆಯುತ್ತೇನೆ. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಗುರುವಾರ ಸಂಜೆ ಅವರನ್ನು ಬಾಂಡೈನ ಫ್ಲ್ಯಾಟಿಗೆ ಬಿಡಲು ಹೋದವಳು ಒಂದು ದಿನ ಚಹಾಕ್ಕೆಂದು ಒಳಗೆ ಹೋದೆ. ಊಟದ ಮೇಜಿನ ಸುತ್ತ ನಾಲ್ಕೈದು ಹೆಂಗಸರು ದಪ್ಪ ಪುಸ್ತಕಗಳನ್ನು ಹರವಿಕೊಂಡು ಗಲಾಟೆ ಮಾಡುತ್ತಿದ್ದರು.

ಅವರ ಧರ್ಮಗ್ರಂಥ ತೋರಾ. ಅದನ್ನು ವರ್ಷದ ವಾರಗಳಿಗೆ ಹಂಚಿಟ್ಟಿದ್ದಾರೆ. ಈ ವಾರ ಈ ಭಾಗ ಎಂದರೆ ಪ್ರಪಂಚದ ಎಲ್ಲ ಮೂಲೆಯ ಯಹೂದಿಗಳಿಗೂ ಅದೇ. ಇಷ್ಟವಾದದ್ದನ್ನು ಆರಿಸಿಕೊಳ್ಳುವ ಹಾಗಿಲ್ಲ, ಬೇಸರದ್ದನ್ನು ಹಾರಿಸುವ ಹಾಗಿಲ್ಲ. ಓದಿ, ಇದರಿಂದ ಇವತ್ತಿನ ನಮಗೇನು ಎಂದು ಒಬ್ಬೊಬ್ಬರೂ ಹೇಳಬೇಕು.

ಮೈಸೂರಿನಲ್ಲಿ ನಾನು ಕೇಳಿದ ಉಪನ್ಯಾಸಗಳೇ ಬೇರೆ. ಒಬ್ಬರು ಹೇಳುತ್ತಾರೆ, ಉಳಿದವರು ತಲೆದೂಗುತ್ತಾರೆ, ಕೊನೆಗೆ ಕೋಸಂಬರಿ ಹಂಚುತ್ತಾರೆ. ಇಲ್ಲಿ ಒಬ್ಬರು ಒಂದು ಅರ್ಥ ಹೇಳಿ ಬಾಯಿ ಮುಚ್ಚುವುದರೊಳಗೆ ಇನ್ನೊಬ್ಬರು ಅದನ್ನು ಹೊಡೆದುಹಾಕುತ್ತಿದ್ದರು. ನಾನು ಪ್ರಶ್ನೆ ಕೇಳಿದರೆ ಉತ್ತರವಾಗಿ ಇನ್ನೊಂದು ಪ್ರಶ್ನೆ. ಎರಡು ಗಂಟೆ ಕೂತರೂ ತೀರ್ಮಾನವೆಂಬುದೇ ಇಲ್ಲ. ತಲೆಚಿಟ್ಟು ಹಿಡಿದು ಮನೆಗೆ ಬರುತ್ತಿದ್ದೆ, ಮುಂದಿನ ಗುರುವಾರ ಮತ್ತೆ ಹೋಗುತ್ತಿದ್ದೆ. ಅಲ್ಲಿ ಚಹಾ ಬಗ್ಗಿಸಿಕೊಡುವ ಸರದಿ ನನಗೂ ಬರುತ್ತಿತ್ತು ಎಂಬುದು ಒಂದು ಕಾರಣ.

ಪನ್ನೀರುದಾನಿ ಹಿಡಿದ ವರ್ಷದ ಏಪ್ರಿಲ್‌ನಲ್ಲಿ ಒಂದು ಗುರುವಾರ ಆಂಟಿ, "ಈ ವಾರ ಬೇಡ, ಸುಮ್ಮನೆ ಬೋರು," ಅಂದರು. ಆಗಲಿ ಅಂದುಕೊಂಡೆ. ಮರುವರ್ಷ, ನನ್ನನ್ನು ಗೆಸ್ಟ್ ಮಾಡಿದ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ, ಮತ್ತೆ ಅದೇ ಮಾತು. "ಎಲ್ಲರಿಗೂ ಕೆಲಸ ಇದೆಯಂತೆ. ಈ ವಾರ ಬಿಟ್ಟುಬಿಡೋಣ." ಕಾರಿನ ಕಿಟಕಿಯ ಹೊರಗೆ ನೋಡುತ್ತಿದ್ದರು. ಒಂದು ಸಾಲನ್ನೂ ಬಿಡದ ಜನ ಒಂದು ವಾರವನ್ನೇ ಬಿಡುತ್ತಾರೆಯೇ? ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದೆ.

"ಆಂಟಿ, ಈ ವಾರದ ಭಾಗದಲ್ಲಿ ಏನಿದೆ?"

"ಏನೂ ಇಲ್ಲ. ಹಳೇ ಕಾಲದ ಕಾಯಿಲೆ ಕಸಾಲೆ."

"ಯಾವ ಕಾಯಿಲೆ?"

ಅವರು ಸ್ಟಿಯರಿಂಗ್ ಮೇಲಿದ್ದ ನನ್ನ ಕೈಗಳ ಕಡೆ ಕಣ್ಣು ಹಾಯಿಸಿ ತಕ್ಷಣ ತೆಗೆದರು. "ನಿನಗೆ ನೋವಾಗಬಾರದು ಅಂತ ನಾವೆಲ್ಲ ಮಾತಾಡಿಕೊಂಡೆವು."

ಪಿತ್ತ ನೆತ್ತಿಗೇರಿತು. ಗಿರಾವೀನ್‌ನಲ್ಲಿ ಪನ್ನೀರುದಾನಿ ಕೊಟ್ಟವರೂ, ಬಾಂಡೈನಲ್ಲಿ ಚಹಾ ಕೊಟ್ಟವರೂ ಒಂದೇ ಆದರಲ್ಲ! ದೇವರು ಕೊಟ್ಟದ್ದು ಎಂದು ತಾವೇ ಹೇಳುವ ಪುಸ್ತಕವನ್ನೇ ನನಗೋಸ್ಕರ ಬಚ್ಚಿಟ್ಟಿದ್ದಾರೆ. "ಈ ವಾರ ಓದಲೇಬೇಕು, ನಾನು ಬರಲೇಬೇಕು," ಎಂದು ಹಟ ಹಿಡಿದೆ. ಮನೆ ಮುಟ್ಟಿದ ಮೇಲೆ ಆಂಟಿ ಎಲ್ಲರಿಗೂ ತಾವೇ ಫೋನು ಮಾಡಿ ಕರೆಸಿದರು.

ಓದಿದರು. ಮೈಮೇಲೆ ಬಿಳಿ ಮಚ್ಚೆ ಬಂದವನನ್ನು ಪುರೋಹಿತನ ಹತ್ತಿರ ಕರೆತರಬೇಕು. ಅವನು ನೋಡಬೇಕು. ಸಂದೇಹವಿದ್ದರೆ ಏಳು ದಿನ ಬೇರೆ ಇರಿಸಿ ಮತ್ತೆ ನೋಡಬೇಕು. ಅವನು ಮೈಲಿಗೆ ಎಂದರೆ ಆ ಮನುಷ್ಯ ಬಿಡಾರದ ಹೊರಗೆ ಒಬ್ಬನೇ ಇರಬೇಕು. ಮಡಿ ಮೈಲಿಗೆ ನನಗೆ ಹೇಳಿಕೊಡಬೇಕಾದ ವಿಷಯವೇ ಅಲ್ಲ. ಅಜ್ಜಿಯ ಅಡುಗೆಮನೆಯ ಹೊಸಿಲ ಹೊರಗೆ ಕೂತು ಬೆಳೆದವಳು ನಾನು. ನಡುವೆ ಒಂದು ವಿಚಿತ್ರ ಮಾತೂ ಇತ್ತು. ಬಿಳುಪು ಅಲ್ಲಲ್ಲಿ ಇದ್ದರೆ ಮೈಲಿಗೆಯಾಗಬಹುದು, ತಲೆಯಿಂದ ಕಾಲಿನವರೆಗೆ ಪೂರ್ತಿ ಬೆಳ್ಳಗಾಗಿಬಿಟ್ಟರೆ ಅವನು ಶುದ್ಧ!

"ಇದನ್ನ ಆಸ್ಟ್ರೇಲಿಯಾದಲ್ಲೇ ಬರೆದಿರಬೇಕು," ಎಂದೆ. ನಗಬಹುದೋ ಇಲ್ಲವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಮೇಲೆ ಅರ್ಥ ಹೇಳುವ ಸರದಿ. ಇದು ಕಾಯಿಲೆಯಲ್ಲ, ಚಾಡಿ ಹೇಳಿದವರಿಗೆ ಬರುವ ಶಿಕ್ಷೆ ಎಂದು ಹಿರಿಯರ ವ್ಯಾಖ್ಯಾನವಂತೆ. ಅಂದರೆ ಇವತ್ತಿನ ನಾವು ಮಾತಿನ ಮೇಲೆ ಹಿಡಿತವಿಡಬೇಕು ಎಂದು ಒಬ್ಬರು.

"ಹಾಗಾದರೆ ನಾನು ಯಾರ ಮೇಲೆ ಚಾಡಿ ಹೇಳಿದೆ?"

"ಅಯ್ಯೋ, ನಿನ್ನ ವಿಷಯ ಅಲ್ಲ. ಇದು ಬರೀ ಅರ್ಥ."

ಊರಿನಲ್ಲಿ ನಮ್ಮತ್ತೆ ಪೂರ್ವಜನ್ಮದ ಕರ್ಮ ಎಂದಿದ್ದರು. ಇವರು ಈ ಜನ್ಮದ ಚಾಡಿ ಎಂದರು. ಹೆಚ್ಚುಕಡಿಮೆ ಒಂದೇ. ಇನ್ನೊಬ್ಬರು, ಆಗ ಟಿವಿಯಲ್ಲೆಲ್ಲ ಏಡ್ಸ್ ಭಯ ತುಂಬಿದ್ದರಿಂದ, ಇವತ್ತಿನ ಕಾಲಕ್ಕೆ ಇದು ಏಡ್ಸ್ ರೋಗಿಗಳ ವಿಷಯ ಎಂದರು. ಮೂರನೆಯವರು, ಬಿಡಾರದ ಹೊರಗಿರುವವರೆಂದರೆ ಈ ದೇಶಕ್ಕೆ ವಲಸೆ ಬಂದ ನಾವೇ ಎಂದು ಕಣ್ಣು ಒದ್ದೆ ಮಾಡಿಕೊಂಡರು. ನಾನು ಮೇಜಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಮಾತೆಲ್ಲ ಆ ಕೈಗಳನ್ನು ದಾಟಿಕೊಂಡು ಹೋಗುತ್ತಿತ್ತು. ಯಾರಿಗೂ ಚರ್ಮ ಬೇಡ, ಎಲ್ಲರಿಗೂ ಅರ್ಥವೇ ಬೇಕು.

"ಆ ಪುರೋಹಿತನೇ ವಾಸಿ," ಎಂದು ರೇಗಿದೆ. "ಅವನು ನೋಡ್ತಾನೆ. ಏಳು ದಿನ ಬಿಟ್ಟು ಬಂದು ಮತ್ತೆ ನೋಡ್ತಾನೆ. ನೋಡಿ ಬಾಯಿಬಿಟ್ಟು ಹೇಳ್ತಾನೆ. ನೀವು ವಾರವನ್ನೇ ರದ್ದು ಮಾಡ್ತೀರಿ."

ಆಂಟಿ ಕನ್ನಡಕ ಸರಿಮಾಡಿಕೊಂಡು ಪುಟ ಮಗುಚಿದರು. ಮಚ್ಚೆ ಮನೆಯ ಗೋಡೆಗೂ ಬರುತ್ತದಂತೆ. ಆಗ ಪುರೋಹಿತ ಬಂದು ನೋಡುವ ಮೊದಲೇ ಪಾತ್ರೆ ಪಡಗವನ್ನೆಲ್ಲ ಹೊರಗೆ ಸಾಗಿಸಬಹುದು, ಅವಕ್ಕೆ ಮೈಲಿಗೆ ತಟ್ಟುವುದಿಲ್ಲ.

"ಯಾಕೆ ಹೇಳು?" ಎಂದು ನನ್ನನ್ನೇ ಕೇಳಿದರು.

"ಗೊತ್ತಿಲ್ಲ."

"ಅವನು ಬಾಯಿಬಿಟ್ಟು ಹೇಳುವವರೆಗೆ ಯಾವುದೂ ಮೈಲಿಗೆ ಅಲ್ಲ. ಮಚ್ಚೆ ಅಲ್ಲೇ ಇರುತ್ತೆ, ಎಲ್ಲರಿಗೂ ಕಾಣುತ್ತೆ. ಹೇಳುವ ಕ್ಷಣದವರೆಗೆ ಅದು ಬರೀ ಮಚ್ಚೆ."

"ಹಾಗಾದರೆ ಅದರಿಂದ ಇವತ್ತಿನ ನನಗೇನು?"

"ನನ್ನನ್ನೇನು ಕೇಳ್ತೀಯ? ನೀನೇ ಹೇಳಬೇಕು."

ಸಿಟ್ಟಿನಲ್ಲೇ ಮನೆಗೆ ಬಂದೆ. ಆದರೆ ಮುಂದಿನ ವರ್ಷದಿಂದ ಅವರು ಆ ವಾರವನ್ನು ಬಿಡಲಿಲ್ಲ. ಪ್ರತಿ ಸಲವೂ ಅದೇ ಜಗಳ, ಅದೇ ಚಾಡಿ, ಅದೇ ಗೋಡೆ. ನನ್ನ ಬಾಯಿಂದ ಅರ್ಥ ಹೊರಡಲೇ ಇಲ್ಲ. ಆ ಪುಸ್ತಕ ನನ್ನದಲ್ಲ, ನನಗೆ ಅದು ಹೇಗೆ ದಕ್ಕೀತು ಎಂದು ಕೈಚೆಲ್ಲಿದ್ದೆ.

ತೊಂಬತ್ತರ ದಶಕದ ನಡುವೆ ಯಜಮಾನರ ಕೆಲಸ ಮೆಲ್ಬರ್ನ್‌ಗೆ ಬದಲಾಯಿತು. ಹೊಸ ಊರು, ಹೊಸ ಸಬರ್ಬ್, ಹೊಸ ಕೂಟ. ಅಷ್ಟರಲ್ಲಿ ಬಿಳುಪು ಮೊಣಕೈ ತನಕ ಏರಿತ್ತು. ಮೊದಲ ಯುಗಾದಿಗೆ ಸುಮ್ಮನೆ ಹೋಗಿ ಊಟ ಮಾಡಿ ಬಂದೆ. ಎರಡನೆಯದಕ್ಕೆ, ಬಿಸಿಬೇಳೆ ಬಾತ್ ಮಾಡಿಕೊಂಡು ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದೆ. ಫೋನಿನಲ್ಲಿ ಕೈ ಕಾಣುವುದಿಲ್ಲವಲ್ಲ, ಸಂತೋಷದಿಂದ ಒಪ್ಪಿದರು. ದೊಡ್ಡ ಪಾತ್ರೆಯನ್ನು ನಾನೂ ಯಜಮಾನರೂ ಹಾಲ್‌ನ ಅಡುಗೆಮನೆಗೆ ಹೊತ್ತು ತಂದೆವು. ನಾನು ಬಡಿಸುವ ಮೇಜಿನ ಹಿಂದೆ ನಿಂತು ಸೌಟು ತೆಗೆದುಕೊಂಡೆ.

ಉಸ್ತುವಾರಿಯ ಹೆಂಗಸು ಹತ್ತಿರ ಬಂದರು. ನನಗಿಂತ ಚಿಕ್ಕವರು, ರೇಷ್ಮೆ ಸೀರೆ, ಹಸನ್ಮುಖಿ. "ಆಂಟಿ, ನಿಮಗ್ಯಾಕೆ ತೊಂದ್ರೆ? ನೀವು ಆರಾಮಾಗಿ ಕೂತ್ಕೊಳ್ಳಿ. ಬಡಿಸೋಕೆ ನಮ್ಮ ಹುಡುಗೀರಿದಾರೆ."

ಅದೇ ದನಿ. ಊರು ಬೇರೆ, ಕರುಣೆ ಒಂದೇ. ಸೌಟನ್ನು ಪಾತ್ರೆಯೊಳಗೆ ಬಿಟ್ಟು, ಸೀರೆಯ ಸೆರಗು ಸರಿಸಿ, ಎರಡೂ ಕೈಗಳನ್ನು ಕಿಟಕಿಯ ಬಿಸಿಲಿಗೆ ಚಾಚಿದೆ.

"ನೋಡಮ್ಮ."

"ಅಯ್ಯೋ, ಅದಕ್ಕಲ್ಲ ಆಂಟಿ..."

"ಅದಕ್ಕೇ. ಸರಿಯಾಗಿ ನೋಡು. ನೋಡಿ, ಈ ಕೈಯಿಂದ ಬಡಿಸ್ಬಾರ್ದು ಅಂತ ಹೇಳು. ಹೇಳಿದ್ರೆ ಈಗ್ಲೇ ಹೋಗಿ ಕೂತ್ಕೋತೀನಿ. ಬೇಜಾರು ಮಾಡ್ಕೊಳ್ಳಲ್ಲ."

ಆಕೆ ಮೇಜಿನ ಮೇಲಿನ ಉಪ್ಪಿನಕಾಯಿ ಬಾಟಲಿಯನ್ನೇ ನೋಡುತ್ತಿದ್ದಳು. "ನಂಗೇನೂ ಇಲ್ಲಪ್ಪ. ಬೇರೆಯವರು ಏನಾದ್ರೂ ಅಂದ್ಕೋತಾರೆ ಅಂತ."

"ಆ ಬೇರೆಯವರನ್ನ ಕರಿ."

ಅಡುಗೆಮನೆಯಲ್ಲಿದ್ದವರೆಲ್ಲ ನಿಂತಲ್ಲೇ ನಿಂತರು. ಕೋಸಂಬರಿ ಕಲಸುತ್ತಿದ್ದವರು, ಹಪ್ಪಳ ಕರಿಯುತ್ತಿದ್ದವರು, ಡಾಕ್ಟರು, ಡಾಕ್ಟರರ ಹೆಂಡತಿ. ನಾನು ಕೈ ಚಾಚಿಕೊಂಡೇ ಇದ್ದೆ. ಒಬ್ಬರು ಗಂಟಲು ಸರಿಮಾಡಿಕೊಂಡರು. ಒಬ್ಬರಿಗೆ ಹಪ್ಪಳ ಸೀಯುತ್ತಿರುವುದು ನೆನಪಾಯಿತು. ಯಾರಾದರೂ ಹೇಳಲಿ ಎಂದು ನಿಜವಾಗಿಯೂ ಕಾದೆ. ಹೇಳಿದ್ದರೆ ಅಳು ಬರುತ್ತಿತ್ತೇನೋ. ಆದರೂ ಇಷ್ಟು ವರ್ಷ ಕಾದದ್ದು ಆ ಒಂದು ಮಾತಿಗೇ.

ಯಾರೂ ಹೇಳಲಿಲ್ಲ. ಆಗ ಬಾಂಬೆ ಆಂಟಿಯ ಊಟದ ಮೇಜು, ಆ ಗೋಡೆ, ಹೊರಗೆ ಸಾಗಿಸಿದ ಪಾತ್ರೆಗಳು ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಹೇಳುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ. ಹೇಳದೆ ಇದ್ದ ಮೇಲೆ ಇದು ಬರೀ ಮಚ್ಚೆ. ನಾನು ಸೌಟು ತೆಗೆದುಕೊಂಡೆ.

ಸಾಲು ಬಂತು. ಕೆಲವರು ಎಂದಿನಂತೆ ತಟ್ಟೆ ಚಾಚಿ, "ತುಪ್ಪ ಇದ್ಯಾ ಆಂಟಿ?" ಎಂದು ಕೇಳಿದರು. ಕೆಲವರು ಸೌಟು ಬಗ್ಗುವ ಮೊದಲೇ, "ಸಾಕು ಸಾಕು," ಎಂದರು. ಒಬ್ಬರು ನನ್ನ ಮೇಜನ್ನೇ ಬಳಸಿಕೊಂಡು ಮೊಸರನ್ನದ ಕಡೆ ನಡೆದರು. ಮೈ ಉರಿಯಿತು. ಆದರೂ ಬಡಿಸಿದೆ. ಆ ರಾತ್ರಿ ಸಿಡ್ನಿಗೆ ಫೋನು ಮಾಡಿ ಹೇಳಿದಾಗ ಬಾಂಬೆ ಆಂಟಿ, "ಆ ಮಾತಿಗೆ ಅದು ಅರ್ಥವೇ ಅಲ್ಲ," ಎಂದು ಅರ್ಧ ಗಂಟೆ ವಾದ ಮಾಡಿದರು.

ಆದರೆ ಅದು ರಾತ್ರಿಯ ಮಾತು. ಮಧ್ಯಾಹ್ನ, ಎಲ್ಲರದೂ ಆದ ಮೇಲೆ, ಆ ಉಸ್ತುವಾರಿಯ ಹೆಂಗಸೇ ತಟ್ಟೆ ಹಿಡಿದು ಬಂದಳು. ಕಣ್ಣು ತಟ್ಟೆಯ ಮೇಲೇ ಇತ್ತು. "ಒಂಚೂರು ಸಾಕು ಆಂಟಿ," ಎಂದಳು.

ನಾನು ಸೌಟು ತುಂಬಿ ಅವಳ ತಟ್ಟೆಯ ಮೇಲೆ ಹಿಡಿದೆ. ಬಗ್ಗಿಸಲಿಲ್ಲ. ಅವಳು ಕಾದಳು. ನಾನೂ ಕಾದೆ. ಬಾತಿನ ಹಬೆ ನಮ್ಮಿಬ್ಬರ ನಡುವೆ ಏಳುತ್ತಿತ್ತು. ಕೊನೆಗೆ ಅವಳು ತಲೆಯೆತ್ತಿ ನನ್ನ ಕೈಯನ್ನು ನೋಡಿದಳು. ಬೆರಳುಗಳನ್ನು, ಗೆಣ್ಣುಗಳನ್ನು, ಮಣಿಕಟ್ಟನ್ನು, ಮೊಣಕೈ ತನಕ.

ಆಮೇಲೆ ಬಡಿಸಿದೆ.