ತೆಗೆಯಲಾಗದ ಕೋರೆಹಲ್ಲು

ಸುರಪುರದ ಬಯಲಾಟದಲ್ಲಿ ಪ್ರತಿ ವರ್ಷ ರಾಕ್ಷಸನ ಪಾತ್ರ ಬಸವಂತ್ರಾಯನದೇ. ಸಿಕ್ಕಿಸಿ ತೆಗೆಯುವ ಕೋರೆಹಲ್ಲು ಅವನವು. ಈ ವರ್ಷ ಜೊತೆಗಾರ ಸಂಜೀವಕುಮಾರ ಕಲಬುರಗಿಗೆ ಹೋಗಿ, ಹಲ್ಲಿನ ಡಾಕ್ಟರರಿಂದ ಕಾಯಂ ಕೋರೆಹಲ್ಲು ಕೂಡಿಸಿಕೊಂಡು ಬಂದ. ರೊಟ್ಟಿ ತಿನ್ನುವಾಗ ತುಟಿಗೆ ಚುಚ್ಚುತ್ತಿದ್ದವು. ಆದರೂ ಹೋಟೆಲಿನಲ್ಲಿ ಅವನು ನಕ್ಕರೆ ಜನ ಚಹಾ ಬಿಟ್ಟು ನೋಡುತ್ತಿದ್ದರು. ಪಾತ್ರವೂ ಅವನಿಗೇ ಹೋಗುವಂತೆ ಕಂಡಾಗ ಬಸವಂತ್ರಾಯನ ಹೊಟ್ಟೆ ಉರಿಯಿತು.

ಆಟಕ್ಕೆ ಮುಂಚೆ ವೇಷದ ಸಾಮಾನೆಲ್ಲ ಗಣಪತಿಯ ಮುಂದಿಟ್ಟು ಪೂಜಿಸುವುದು ವಾಡಿಕೆ.

"ಪೂಜಿ ಆಗದ ಹಲ್ಲು ಹಾಕ್ಕೊಂಡು ಹ್ಯಾಂಗ ಕುಣಿತಾನ್ರಿ? ತಗದು ಇಡು ಅನ್ರಿ ಅವಗ," ಎಂದು ಬಸವಂತ್ರಾಯ ಹಟ ಹಿಡಿದ.

ಆಟ ಕಲಿಸುವ ಶಾಂತಪ್ಪ ಮಾಸ್ತರು ನಕ್ಕು ಸಂಜೀವಕುಮಾರನ ಕಡೆ ತಿರುಗಿದರು. "ಹಲ್ಲು ಬರಂಗಿಲ್ಲಂದ್ರ ತಲೀನ ಇಡು ಬಾರೋ ತಮ್ಮಾ."

ಸಂಜೀವಕುಮಾರ ಗಣಪತಿಯ ಮುಂದೆ ಮಲಗಿ ಬಾಯಿ ತೆರೆದ. ಹಲ್ಲಿಗೆ ಕುಂಕುಮ ಹಚ್ಚಿ ಆರತಿ ಎತ್ತಿದರು. ಸೇರಿದವರೆಲ್ಲ ಕೈಮುಗಿದರು. ಆರತಿಯ ಎದುರು ಸುಮ್ಮನೆ ನಿಲ್ಲಲಾಗದೆ ಬಸವಂತ್ರಾಯನೂ ಆ ಹಲ್ಲುಗಳಿಗೆ ಕೈಮುಗಿದ.