ಗಿರಣಿ ಕಾಕಾನ ಹೆಬ್ಬೆರಳು

ರೇಷನ್ ಅಂಗಡಿಯ ಬೆರಳಚ್ಚಿನ ಯಂತ್ರ ಕಾಕಾನ ಬಲಗೈ ಹೆಬ್ಬೆರಳನ್ನು ಎಂದೂ ಒಪ್ಪಿದ್ದಿಲ್ಲ. ಗಿರಣಿಯಿಂದ ಬೀಳುವ ಬಿಸಿ ಹಿಟ್ಟನ್ನು ನಲವತ್ತು ವರ್ಷ ತಿಕ್ಕಿ ತಿಕ್ಕಿ ನೋಡಿದ ಬೆರಳು ಅದು. ಗೆರೆಗಳೆಲ್ಲ ಸವೆದು ಹುಣಸೆಬೀಜದ ಹಾಗೆ ನುಣ್ಣಗಾಗಿತ್ತು. ಸರ್ಕಾರದ ಪಾಲಿಗೆ ನಾನು ಹುಟ್ಟೇ ಇಲ್ಲ ಎಂದು ನಗುತ್ತ, ಎಡಗೈ ಬೆರಳು ಒತ್ತಿ ಅಕ್ಕಿ ತರುತ್ತಿದ್ದರು.

ಅಕ್ಕಲಕೋಟೆ ಕಡೆಯವರು. ಹರೆಯದಲ್ಲೇ ನಾಗಪುರಕ್ಕೆ ಬಂದು ಹಿಟ್ಟಿನ ಗಿರಣಿ ಹಾಕಿದ್ದರು. ಅವರ ಕನ್ನಡದಲ್ಲಿ ಅರ್ಧ ಮರಾಠಿ. ವಾಯುಸೇನೆಯಲ್ಲಿರುವ ನನ್ನವರಿಗೆ ಇಲ್ಲಿಗೆ ವರ್ಗವಾದ ಹೊಸತು. ಧಾರವಾಡದವಳಾದ ನಾನು ಅವರ ಗಿರಣಿಯ ಮುಂದೆ ನಿಂತು ಹಿಂದಿಯಲ್ಲಿ ತಡವರಿಸುತ್ತಿದ್ದೆ. ನಡುವೆ ನುಸುಳಿದ ಕನ್ನಡ ಕೇಳಿ "ಕನ್ನಡದಾಗ ಹೇಳ ತಂಗಿ" ಎಂದರು. ಅಂದಿನಿಂದ ಅವರು ನಮಗೆ ಗಿರಣಿ ಕಾಕಾ.

ಆದರೆ ನಾನು ಹೇಳಬೇಕಿದ್ದದ್ದು ಕನ್ನಡದಲ್ಲೂ ಸುಲಭವಿರಲಿಲ್ಲ. ನಮ್ಮ ಮಗಳಿಗೆ ಹುಟ್ಟಿನಿಂದಲೇ ಫಿನೈಲ್‌ಕೀಟೋನ್ಯೂರಿಯಾ. ಆ ಹೆಸರನ್ನು ಸರಿಯಾಗಿ ಉಚ್ಚರಿಸಲು ನನಗೇ ಒಂದು ತಿಂಗಳು ಹಿಡಿದಿತ್ತು. ಪ್ರೋಟೀನಿನ ಒಂದು ಅಂಶವನ್ನು ಅವಳ ದೇಹ ಕರಗಿಸಲಾರದು. ಅದು ರಕ್ತದಲ್ಲಿ ಉಳಿದು ಮಿದುಳನ್ನು ಕೆಡಿಸುತ್ತದೆ. ಹಾಲು, ಬೇಳೆ, ಗೋಧಿ, ಜೋಳ ಎಲ್ಲಕ್ಕೂ ಕೈಮುಗಿದಾಗಿತ್ತು. ಆಸ್ಪತ್ರೆಯವರು ಬರೆದುಕೊಟ್ಟ ಪುಡಿ, ತೂಗಿ ಬಡಿಸಿದ ಅನ್ನ, ತರಕಾರಿ, ಸಾಬೂದಾನಿ ಹಿಟ್ಟಿನ ರೊಟ್ಟಿ ಇಷ್ಟೇ ಅವಳ ಊಟ. ಪಥ್ಯ ದಿನದಿನವೂ ತಪ್ಪುತ್ತ ಹೋದರೆ ಮಗುವಿನ ಬುದ್ಧಿಯೇ ಕುಂದುತ್ತದೆ ಎಂದಿದ್ದರು ಡಾಕ್ಟರು.

ಇದನ್ನೆಲ್ಲ ನಾನು ಕಾಕಾನಿಗೆ ಪಾಠ ಒಪ್ಪಿಸಿದಂತೆ ಒಪ್ಪಿಸಿದೆ. ಅವರು ಗಿರಣಿ ನಿಲ್ಲಿಸಿ, ತಲೆಯ ರುಮಾಲು ಬಿಚ್ಚಿ ಕೊಡವಿ, "ಅಂದ್ರ ಅಕೀಗೆ ದಿನಾ ಏಕಾದಶಿ. ಇಷ್ಟ ಹೇಳಿದ್ರ ಸಾಕಿತ್ತಲ್ಲ" ಎಂದರು.

ಇಲ್ಲಿ ಏಕಾದಶಿ, ಶಿವರಾತ್ರಿ ಬಂತೆಂದರೆ ಗಿರಣಿಯ ಕಲ್ಲನ್ನು ಬ್ರಷ್ಷಿನಿಂದ ತಿಕ್ಕಿ, ಉಪವಾಸದ ಹಿಟ್ಟನ್ನು ಮೊದಲು ಬೀಸುತ್ತಾರೆ. ಗೋಧಿ, ಜೋಳ ಆಮೇಲೆ. ಕಾಕಾ ನಮ್ಮ ಒಂದೇ ಒಂದು ಡಬ್ಬಿಗಾಗಿ ಪ್ರತಿ ಸೋಮವಾರ ಆ ಮಡಿ ಮಾಡಿದರು. ಗೋಧಿ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತವರು ಜಲ್ದಿ ಮಾಡಿ ಎಂದು ಗೊಣಗಿದರೆ, ಉಪವಾಸದ ಹಿಟ್ಟಿಗೆ ಸಾಲಿಲ್ಲ ಎಂದುಬಿಡುತ್ತಿದ್ದರು. ವರ್ಗವಾಗಿ ಬಂದ ಊರಿನಲ್ಲಿ ನನ್ನ ಮಗಳಿಗೊಂದು ಜಾಗ ಸಿಕ್ಕಿದ್ದು ಹಾಗೆ.

ಮಗಳಿಗೆ ಐದು ತುಂಬಿದ ವರ್ಷ ರಕ್ತದ ರಿಪೋರ್ಟು ಕೆಟ್ಟಿತು. ಮುಂದಿನ ತಿಂಗಳೂ ಏರಿತು, ಅದರ ಮುಂದಿನ ತಿಂಗಳೂ. ಕಲಿತ ಅಕ್ಷರ ಮರೆಯತೊಡಗಿದಳು, ಸುಮ್ಮಸುಮ್ಮನೆ ಸಿಡುಕುತ್ತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ನಾನು ಮೊದಲು ಹಿಡಿದದ್ದು ನನ್ನವರನ್ನು. ಕದ್ದು ಬಿಸ್ಕತ್ತು ತಿನ್ನಿಸುತ್ತೀರಿ ಎಂದು ಹಾರಾಡಿ, ಅವರ ಅವಲಕ್ಕಿ ಚೂಡಾದ ಡಬ್ಬಿಗೂ ಬೀಗ ಹಾಕಿದೆ.

ಒಂದು ಸೋಮವಾರ ಡಬ್ಬಿ ಕೊಟ್ಟು ಹೋಗುವ ಬದಲು ಅಲ್ಲೇ ನಿಂತೆ. ಕಾಕಾ ಸಾಬೂದಾನಿ ಸುರಿದರು. ಪಕ್ಕದ ಚೀಲದಿಂದ ಎರಡು ಮುಷ್ಟಿ ರಾಜಗಿರಾ, ಪ್ರೋಟೀನು ತುಂಬಿದ ದಂಟಿನ ಬೀಜ, ತೆಗೆದು ಅದಕ್ಕೇ ಹಾಕಿದರು. ಸಾಲಿನಲ್ಲಿದ್ದವರ ಎದುರಿಗೇ ನಾನು ಕೂಗಾಡಿದೆ. ನನ್ನ ಮಗಳ ತಲೆಗೆ ವಿಷ ಹಾಕುತ್ತಿದ್ದೀರಿ ಎಂದೂ ಅಂದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

"ಉಪಾಸಕ್ಕ ರಾಜಗಿರಾ ನಡೀತದಲ್ಲ ತಂಗಿ" ಎಂದರು ಕಾಕಾ, ಮೆಲ್ಲಗೆ. "ಬರೇ ಸಾಬೂದಾನಿ ತಿಂದು ಕೂಸು ಸೊರಗ್ತದಂತ ಮೂರ್ನಾಕು ತಿಂಗಳಿಂದ ಹಾಕಾಕತ್ತೀನಿ."

ಮನೆಗೆ ಬಂದು ಯೋಚಿಸಿದಾಗ ತಪ್ಪಿನ ಅರ್ಧಪಾಲು ನನ್ನದೇ ಎನಿಸಿತು. ಅವರ ಏಕಾದಶಿ ನನಗೆ ಅನುಕೂಲವಾಗಿತ್ತು, ಒಪ್ಪಿಕೊಂಡು ಸುಮ್ಮನಿದ್ದೆ. ಏಕಾದಶಿಗೆ ಸಲ್ಲುವುದೆಲ್ಲ ಮಗಳಿಗೆ ಸಲ್ಲುವುದಿಲ್ಲ ಎಂದು ಹೇಳಲೇ ಇಲ್ಲ.

ಮರುದಿನ ಕಾಕಾ ಮೊದಲ ಸಲ ನಮ್ಮ ಬಾಗಿಲಿಗೆ ಬಂದರು, ಕೈಯಲ್ಲಿ ಎರಡು ಕಾಗದದ ಪೊಟ್ಟಣ. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ ಕೈಯೆತ್ತಿ ತಡೆದು, ಮಗಳನ್ನು ಎದುರಿಗೆ ಕೂರಿಸಿಕೊಂಡು ಕಣ್ಣು ಮುಚ್ಚಿಸಿ, ಎರಡೂ ಹಿಟ್ಟನ್ನು ಅವಳ ಹೆಬ್ಬೆರಳಿನಿಂದ ತಿಕ್ಕಿಸಿದರು. ಒಂದರಲ್ಲಿ ಬರಿಯ ಸಾಬೂದಾನಿ ಹಿಟ್ಟು, ತಿಕ್ಕಿದರೆ ಬೆರಳಡಿ ಚಿರ್ರೆನ್ನುತ್ತದೆ. ಇನ್ನೊಂದರಲ್ಲಿ ರಾಜಗಿರಾ ಬೆರೆತಿತ್ತು, ಅದು ಸದ್ದು ಮಾಡದು.

"ನೀ ಎಷ್ಟು ದಿನಾ ಅಕಿ ಹಿಂದ ನಿಂದರ್ತಿ? ನಾ ಎಷ್ಟು ದಿನಾ ಇರ್ತೀನಿ? ಅಕಿ ಬೆರಳಿಗೇ ಗೊತ್ತಾಗ್ಲಿ" ಎಂದರು.

ಆಮೇಲೆ ಪ್ರತಿ ಸೋಮವಾರ ಗಿರಣಿಯಲ್ಲಿ ಪರೀಕ್ಷೆ. ವರಿ, ಶಿಂಗಾಡಾ, ರಾಜಗಿರಾ, ಉಪವಾಸದ ಹಿಟ್ಟುಗಳಲ್ಲಿ ಏನೇ ಬೆರೆಸಿಕೊಟ್ಟರೂ ಅವಳು ಕಣ್ಣುಮುಚ್ಚಿ ಹೇಳಬೇಕು. ಬರೋಬರ್ ಹೇಳಿದರೆ ಬಹುಮಾನ. ಊರವರೆಲ್ಲ ಮಕ್ಕಳಿಗೆ ಚಾಕ್ಲೇಟು ಕೊಟ್ಟರೆ ಕಾಕಾ ಇವಳ ಮೂಗಿನ ತುದಿಗೆ ಹಿಟ್ಟಿನ ಬೊಟ್ಟು ಇಡುತ್ತಿದ್ದರು. ರಿಪೋರ್ಟು ಇಳಿಯಿತು, ಅಕ್ಷರಗಳೂ ಮರಳಿ ಬಂದವು.

ಕಾಕಾ ಕಳೆದ ವರ್ಷ ತೀರಿಕೊಂಡರು, ಹೃದಯಾಘಾತ. ಅಂಗಳದಲ್ಲಿ ಮಲಗಿಸಿದ್ದಾಗ ಮಗಳು ಯಾರನ್ನೂ ಕೇಳದೆ ಹೋಗಿ ಅವರ ಹೆಬ್ಬೆರಳು ಮುಟ್ಟಿ ಬಂದಳು.

ಮೊನ್ನೆಯ ಏಕಾದಶಿಗೆ ಗೆಳತಿಯ ಮನೆಗೆ ಒಬ್ಬಳೇ ಹೋಗಿದ್ದಳು. ಈಗ ಅವಳಿಗೆ ಹತ್ತು. ಗೆಳತಿಯ ತಾಯಿ ಫೋನು ಮಾಡಿದರು. ಪಥ್ಯದ ಹುಡುಗಿಯೆಂದು ಗೊತ್ತಿದ್ದೇ ಉಪವಾಸದ ಹಿಟ್ಟಿನ ರೊಟ್ಟಿಯಂಥ ಥಾಲಿಪೀಟು ಹಾಕಿಕೊಟ್ಟರಂತೆ. ಇವಳು ಮುಟ್ಟದೆ, ಹಿಟ್ಟು ತೋರಿಸಿ ಎಂದಳಂತೆ. ಚಿಟಿಕೆ ತೆಗೆದು ಕಣ್ಣು ಮುಚ್ಚಿ ತಿಕ್ಕಿ, ಇದರಲ್ಲಿ ರಾಜಗಿರಾ ಇದೆ ಕಾಕೂ, ನನಗೆ ಬೇಡ ಎಂದಳಂತೆ.

ಫೋನಿಟ್ಟು ಅಡುಗೆಮನೆಯಲ್ಲೇ ಕೂತು ಅತ್ತೆ. ಅವಳ ತಟ್ಟೆಯ ಪಕ್ಕದಲ್ಲಿ ನಾನಿರಲಿಲ್ಲ. ಇರಬೇಕಾಗಿಯೂ ಇರಲಿಲ್ಲ.

ಸಂಜೆ ಮಗಳು ಮನೆಗೆ ಬಂದಾಗ ಮೂಗಿನ ತುದಿಯಲ್ಲಿ ಹಿಟ್ಟಿನ ಬೊಟ್ಟಿತ್ತು. ತಾನೇ ಇಟ್ಟುಕೊಂಡಳಂತೆ.