ಬಾಣಂತಿಗೆ ತಂದ ಮಿರ್ಚಿ

ಮೊನ್ನೆ ಒಗೆಯಲು ತೆಗೆದ ನನ್ನ ಬಿಳಿ ಅಂಗಿಯ ಕಿಸೆಯಲ್ಲಿ, ಎಷ್ಟು ಸೋಪು ತಿಕ್ಕಿದರೂ ಹೋಗದ ಎಣ್ಣೆಯ ಕಲೆ ಕಂಡಿತು. ಒಬ್ಬನೇ ನಕ್ಕೆ. ನಾನು ಕಲಿತದ್ದು ಮೂರನೇ ಇಯತ್ತೆ. ಆದರೆ ಕೂಸಿನ ಹೊಟ್ಟೆನೋವಿನ ವಿಷಯದಲ್ಲಿ ನನ್ನೆದುರು ಯಾರೂ ನಿಲ್ಲಲಾರರು, ತಿಳೀರಿ.

ಗಜೇಂದ್ರಗಡಕ್ಕೆ ಕೊಟ್ಟ ಮಗಳು ಹೆರಿಗೆಗೆಂದು ರೋಣಕ್ಕೆ, ನಮ್ಮ ಮನೆಗೆ ಬಂದಿದ್ದಳು. ಹುಟ್ಟಿದ್ದು ಹೆಣ್ಣು. ಬೋಳು ತಲೆ, ಹಲ್ಲಿಲ್ಲದ ಬಾಯಿ, ಥೇಟ್ ನಾನೇ! ಗುರುತಿಲ್ಲದವರನ್ನೂ ನಿಲ್ಲಿಸಿ ಪೇಡೆ ಕೊಟ್ಟೆ. ಮೂರನೇ ವಾರಕ್ಕೆ ಕೂಸು ರಾಗ ತೆಗೆಯಿತು. ದಿನವೆಲ್ಲ ಹಾಲು ಕುಡಿದು ಮಲಗುತ್ತಿದ್ದ ಕೂಸು ಸಂಜೆ ಆರಾಯಿತೆಂದರೆ ಮುಷ್ಟಿ ಬಿಗಿದು, ಮೊಣಕಾಲು ಹೊಟ್ಟೆಗೆಳೆದುಕೊಂಡು, ಕೆಂಪಾಗಿ ಒಂಬತ್ತರ ತನಕ ಚೀರುತ್ತಿತ್ತು. ವಿಧಾನಸೌಧದಲ್ಲೂ ಅಷ್ಟು ಹೊತ್ತು ಯಾರೂ ಕೂಗಲಾರರು.

ನಮ್ಮ ಮನೆಯಾಕೆ ತಪ್ಪನ್ನು ಬಾಣಂತಿಯ ತಾಟಿನ ಮೇಲೆ ಹಾಕಿದಳು. "ನೀ ತಿಂದದ್ದ ಕೂಸಿನ ಹೊಟ್ಟಿಗೆ ಹೋಗತೈತಿ" ಎಂದು ಮೊದಲು ಬದನೆಕಾಯಿ, ಆಮೇಲೆ ಬೇಳೆ, ಕಡೆಗೆ ರೊಟ್ಟಿಯೂ ಬಂದ್. ಉಳಿದದ್ದು ಅನ್ನ, ಸಾರು.

"ಅಪ್ಪಾ, ಬಾಯಿ ಕೆಟ್ಟೈತಿ" ಎಂದು ಮಗಳು ಕಣ್ಣೀರು ಹಾಕಿದರೆ ಯಾವ ಅಪ್ಪ ಸುಮ್ಮನಿರುತ್ತಾನೆ? ದಿನಾ ಮಧ್ಯಾಹ್ನ ಬಸ್‌ಸ್ಟ್ಯಾಂಡಿನಿಂದ ಒಂದು ಬಿಸಿ ಮಿರ್ಚಿ ಭಜಿ ಕಿಸೆಯಲ್ಲಿಟ್ಟು ತಂದೆ. ಸಂಜೆ ಕೂಸು ಚೀರಿದಾಗ ಆ ಮಿರ್ಚಿ ನನ್ನ ಎದೆಯಲ್ಲಿ ಉರಿಯುತ್ತಿತ್ತು. ಕೊನೆಗೆ ಹೆದರಿ ನಾಲ್ಕು ದಿನ ಬಿಟ್ಟೆ. ಕೂಸು ಬಿಡಲಿಲ್ಲ.

ದವಾಖಾನೆಯಲ್ಲಿ ಡಾಕ್ಟರಬಾಯಿ ನೋಡಿದರು. ಜ್ವರವಿಲ್ಲ, ವಾಂತಿಯಿಲ್ಲ, ತೂಕವೂ ಏರಿದೆ. "ತಾಯಿ ಏನ್ ತಿಂತಾಳ್ರಿ?"

"ಅನ್ನ ಸಾರು ಬಿಟ್ರ ಏನೂ ಇಲ್ರಿ" ಎಂದಳು ಮನೆಯಾಕೆ ಹೆಮ್ಮೆಯಿಂದ. "ಇನ್ನ ಅನ್ನಾನೂ ಬಿಡಸಬೇಕೇನ್ರಿ?"

ಮಗಳು ನನ್ನ ಮುಖ ನೋಡಿದಳು. ಬಾಯಿ ಬಿಟ್ಟರೆ ನನ್ನ ಕಥೆ ಮುಗಿಯಿತು. ಬಿಡದಿದ್ದರೆ ಅವಳ ಅನ್ನವೂ ಹೋಯಿತು.

"ಖರೇ ಹೇಳತೇನ್ರಿ, ಮಿರ್ಚಿ ತಿಂದಾಳ. ನಾನ ತಂದ ಕೊಟ್ಟೇನಿ. ತಿಂದ ದಿನಾನೂ ಕೂಸು ಚೀರೈತಿ, ಬಿಟ್ಟ ನಾಕ ದಿನಾನೂ ಚೀರೈತಿ."

ಡಾಕ್ಟರಬಾಯಿ ನಕ್ಕರು. "ಭಾಳ ಚಲೋ ನೋಡೀರಿ ಅಜ್ಜಾರ! ಇದಕ್ಕ ಕಾಲಿಕ್ ಅಂತಾರ, ಸಣ್ಣ ಕೂಸಿಗೆ ಸಂಜಿ ಬರೂ ಅಳು; ತಾಯಿ ಊಟದ್ದ ತಪ್ಪಲ್ಲ. ಮೂರ್ನಾಕ ತಿಂಗಳಿಗೆ ತಾನ ಹೋಗತೈತಿ. ಜ್ವರ ಬಂದ್ರ, ಹಾಲ ಬಿಟ್ರ ಲಗೂ ಕರಕೊಂಡ ಬರ್ರಿ. ತಾಯಿಗೆ ಹೊಟ್ಟಿತುಂಬ ಹಾಕ್ರಿ."

ಮನೆ ಮುಟ್ಟುವ ತನಕ ಮನೆಯಾಕೆ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಹೊಸ್ತಿಲಲ್ಲಿ ಸಿಡಿದಳು: "ದಿನಾ ಒಂದ ಮಿರ್ಚಿ ತಂದೀರಿ. ಮನ್ಯಾಗ ನಾನೂ ಒಬ್ಬಾಕಿ ಅದೀನಿ ಅಂತ ನೆನಪಾಗಲಿಲ್ಲೇನ್ರಿ?" ಹಾಗೆಂದು ಒಳಗೆ ಹೋಗಿ ಮಗಳಿಗೆ ರೊಟ್ಟಿ ಬಡಿದಳು.

ಮೊಮ್ಮಗಳಿಗೀಗ ಹತ್ತು ತಿಂಗಳು. ಬಂದಾಗಲೆಲ್ಲ ನನ್ನ ಎದೆಯ ಮೇಲೆ ಕೂತು ಎರಡೂ ಕೈಯಿಂದ ಮೀಸೆ ಹಿಡಿದು ಜಗ್ಗುತ್ತಾಳೆ. ಈಗ ಚೀರುವವನು ನಾನು. ನನ್ನನ್ನು ಮಾತ್ರ ಯಾರೂ ದವಾಖಾನೆಗೆ ಒಯ್ಯುವುದಿಲ್ಲ.